ಸಂಡೂರು ಮಾತ್ರ ಸರಿಯಾಗಿ ಬಂತು

ನಮ್ಮ ಫೋಟೋ ಸ್ಟುಡಿಯೋದ ಹೊಸ ಕಂಪ್ಯೂಟರಿನ ಪರದೆಗೆ ಅಂಟಿದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಪೂರ್ತಿ ಕಿತ್ತಿಲ್ಲ, ಅಷ್ಟರಲ್ಲೇ ಫೋಟೋಶಾಪ್ 7.0 ಬಾಗಿಲಲ್ಲಿ ಕೂತುಬಿಟ್ಟಿತು. ಸ್ಕ್ರ್ಯಾಚ್ ಡಿಸ್ಕ್, ಅಂದರೆ ಕೆಲಸದ ನಡುವೆ ಅದು ಗೀಚಿಕೊಳ್ಳುವ ಜಾಗ, ತುಂಬಿದೆಯಂತೆ, ಒಳಗೆ ಬರುವುದಿಲ್ಲವಂತೆ. 2002ರಲ್ಲಿ ಬಂದಾಗ ಈ ಪುಣ್ಯಾತ್ಮ ಕೇಳುತ್ತಿದ್ದದ್ದು 128 ಎಂಬಿ ರ‍್ಯಾಮ್, 280 ಎಂಬಿ ಜಾಗ. ಈಗ ರ‍್ಯಾಮೇ 16 ಜಿಬಿ, ಅಂದರೆ ಸರಿಯಾಗಿ 128 ಪಟ್ಟು. ಡಿಸ್ಕಂತೂ ತುಂಗಭದ್ರಾ ಎಡದಂಡೆಯ ಗದ್ದೆಯಷ್ಟು ಉದ್ದಕ್ಕೆ ಖಾಲಿ ಬಿದ್ದಿದೆ. ಸಮಸ್ಯೆಯೇ ಅದು. ಟೆರಾಬೈಟುಗಟ್ಟಲೆ ಖಾಲಿ ಜಾಗ ಎಣಿಸುವುದನ್ನು ಇದಕ್ಕೆ ಯಾರೂ ಕಲಿಸಿಲ್ಲ. ಬೆರಳು ಮುಗಿದ ಕೂಡಲೇ ಸೊನ್ನೆ ಎನ್ನುತ್ತದೆ.

ಮದ್ದು ಇದೆ. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ, ದೊಡ್ಡ ಡ್ರೈವನ್ನು ಶ್ರಿಂಕ್ ಮಾಡಿ, ಐವತ್ತು ಜಿಬಿಯ ಒಂದು ಸಣ್ಣ ಡ್ರೈವ್ ಕತ್ತರಿಸಿಕೊಡಬೇಕು. ಆಮೇಲೆ ಕಂಟ್ರೋಲ್, ಆಲ್ಟ್ ಎರಡನ್ನೂ ಒತ್ತಿ ಹಿಡಿದೇ ಫೋಟೋಶಾಪ್ ತೆರೆದರೆ ಸ್ಕ್ರ್ಯಾಚ್ ಎಲ್ಲಿಡಲಿ ಎಂದು ಕೇಳುತ್ತದೆ, ಆ ಸಣ್ಣದನ್ನು ತೋರಿಸಬೇಕು. ಜೊತೆಗೆ ಶಿಫ್ಟನ್ನೂ ಒತ್ತಿದಿರೋ, ಸೆಟ್ಟಿಂಗೆಲ್ಲ ಅಳಿಸಲೇ ಎಂದು ಕೇಳುತ್ತದೆ. ಅವಸರದಲ್ಲಿ ಹೂಂ ಅಂದವರು ಆಮೇಲೆ ತಲೆ ಮೇಲೆ ಕೈ ಹೊತ್ತಿದ್ದಾರೆ. ಇನ್ನು ಐಕಾನಿನ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಡ್ಮಿನಿಸ್ಟ್ರೇಟರ್ ಆಗಿ ನಡೆಸು ಎಂಬುದಕ್ಕೆ ಟಿಕ್. ಇಲ್ಲದಿದ್ದರೆ ಸಿ ಡ್ರೈವಿನ ಹೊಸ್ತಿಲಲ್ಲಿ ಬರೆಯಲು ವಿಂಡೋಸ್ ಬಿಡುವುದಿಲ್ಲ, ಫೈಲ್ ಲಾಕ್ ಆಗಿದೆ ಎಂಬ ಇನ್ನೊಂದು ರಾಗ ಶುರು.

ಹಳೆಯ ಕಂಪ್ಯೂಟರಿನಲ್ಲೇ ಇರಬಹುದಿತ್ತಲ್ಲ ಅನ್ನಬೇಡಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕು, ಅದು ಹಳೆಯ ಪೆಟ್ಟಿಗೆಯಲ್ಲಿ ಇಲ್ಲ. ಹೊಸ ಪೆಟ್ಟಿಗೆಯಲ್ಲಿ ಸಿಡಿ ಹಾಕುವ ಬಾಯಿಯೇ ಇಲ್ಲ. ಸಿಡಿಯನ್ನು ಕೈಯಲ್ಲಿ ಹಿಡಿದು ಕ್ಯಾಬಿನೆಟ್ಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕೊನೆಗೆ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪೆನ್ ಡ್ರೈವಿಗೆ ಇಳಿಸಿಕೊಳ್ಳುವುದೇ ದಾರಿ.

ಒಳಗೆ ಬಂದ ಮೇಲೆ ಮೆನು ಸಾಸಿವೆ ಕಾಳಿನಷ್ಟು. ಅದೇ ಕಂಪ್ಯಾಟಿಬಿಲಿಟಿಯಲ್ಲಿ ಹೈ ಡಿಪಿಐ ಎಂಬಲ್ಲಿ ಸಿಸ್ಟಮ್ ಎಂದು ಆರಿಸಿದರೆ ದೊಡ್ಡದಾಗುತ್ತದೆ. ಸ್ವಲ್ಪ ಮಸುಕಾಗುತ್ತದೆ, ಮದುಮಗಳ ಮುಖಕ್ಕೆ ಮಾತ್ರ ಅದು ಒಳ್ಳೆಯದೇ.

ಹದಿನಾರು ಜಿಬಿ ಇದೆಯೆಂದು ಹಿಗ್ಗಬೇಡಿ. ಇದು 32 ಬಿಟ್ಟಿನ ಜೀವ, 2 ಜಿಬಿಯ ಮೇಲೆ ಕಣ್ಣೆತ್ತಿ ನೋಡದು. ಮದುವೆ ಆಲ್ಬಮ್ಮಿನ 12×36 ಇಂಚಿನ ಒಂದು ಹಾಳೆ 300 ಡಿಪಿಐನಲ್ಲಿ 10800×3600 ಪಿಕ್ಸೆಲ್, ಒಂದೇ ಪದರವಾದರೂ 111 ಎಂಬಿ. ಅದರ ಮೇಲೆ ಹೂವು, ನವಿಲುಗರಿ, ಆರು ಕಡೆ ತಿರುಗಿದ ಮದುಮಗ, ಎಲ್ಲಾ ಬೇರೆ ಬೇರೆ ಲೇಯರ್. ಹೂಮಾಲೆಯ ನೆರಳಿನ ಹೊತ್ತಿಗೆ ಮೌಸ್ ಬಾಣ ಮರಳು ಗಡಿಯಾರವಾಗಿರುತ್ತದೆ. ಆಗಾಗ ಲೇಯರ್ ಕೂಡಿಸಿಕೊಂಡು ಹೋಗುವುದು ಬಿಟ್ಟರೆ ಬೇರೆ ಉಪಾಯವಿಲ್ಲ.

ನಿಜವಾದ ಮದುವೆ ಮನೆ ಗಲಾಟೆ ಕನ್ನಡ ಅಕ್ಷರದ್ದು. ಗಿರಾಕಿ ಮೊಬೈಲಿನಿಂದ ಯೂನಿಕೋಡಿನಲ್ಲಿ ಹೆಸರು, ಊರು ಕಳಿಸುತ್ತಾರೆ. ಕಾಪಿ, ಪೇಸ್ಟ್. ಫೋಟೋಶಾಪ್ ಏಳರಲ್ಲಿ ಪ್ರಶ್ನೆ ಚಿಹ್ನೆಗಳ ಸಾಲು ಬಂದರೂ ಬಂತು. ಅದರ ನಂತರ ಬಂದ ಸಿಎಸ್ ಸಾಲಿನ ಫೋಟೋಶಾಪುಗಳಿಗೆ ಅಕ್ಷರ ಗೊತ್ತು, ಕಾಗುಣಿತ ಗೊತ್ತಿಲ್ಲ. ಬಳ್ಳಾರಿ ಹೋಗಿ ಬಳ್‌ಳಾರಿ. ಕೊಪ್ಪಳ ಕೊಪ್‌ಪಳ. ಸಿರುಗುಪ್ಪ, ಮಸ್ಕಿ, ಕಂಪ್ಲಿ, ಮಾನ್ವಿ, ಕುಷ್ಟಗಿ, ಎಲ್ಲರ ಒತ್ತೂ ಕೆಳಗಿಂದ ಎದ್ದು ಪಕ್ಕದಲ್ಲಿ ಬಂದು ನಿಂತವು. ದೇವದುರ್ಗ, ಯಲಬುರ್ಗಾಗಳ ಅರ್ಕಾವತ್ತು ಪತ್ತೆಯೇ ಇಲ್ಲ. ರಾಯಚೂರಿಗೆ ಒತ್ತೇ ಇಲ್ಲ, ಬಚಾವು ಅಂದುಕೊಂಡರೆ ಮೊದಲಕ್ಷರದ ತಲೆಕಟ್ಟೂ ಇದೆ, ದೀರ್ಘವೂ ಇದೆ, ಎರಡಕ್ಕೂ ಮಾತುಕತೆ ಇಲ್ಲ. ಸಿಂಧನೂರಿನ ಗುಡಿಸು ಸ ಬಿಟ್ಟು ಗಾಳಿಯಲ್ಲಿ ತೇಲುತ್ತಿದೆ.

ಮೂರು ಜಿಲ್ಲೆ ಹುಡುಕಿದರೆ ನೆಟ್ಟಗೆ ಬಂದದ್ದು ಸಂಡೂರು. ಸ, ಸೊನ್ನೆ, ಡ, ಅದರ ಕೊಂಬಿನ ದೀರ್ಘ, ರ, ಕೊಂಬು: ಎಲ್ಲಾ ಪಕ್ಕಪಕ್ಕದಲ್ಲಿ ತೆಪ್ಪಗೆ ಕೂರುವ ಜಾತಿ, ಮೇಲೆ ಹತ್ತುವವರಿಲ್ಲ, ಕೆಳಗೆ ಇಳಿಯುವವರಿಲ್ಲ.

"ಅಣ್ಣಾ, ನಮ್ಮೂರಿನ ಒತ್ತು ಎಲ್ಲಿ ಹೋಯ್ತ್ರಿ?"

"ಕಂಪ್ಯೂಟರ್ ಹೊಸದದ ರೀ."

"ಹೊಸದಕ್ಕ ಕನ್ನಡ ಬರಂಗಿಲ್ಲೇನ್ರಿ?"

"ಸಂಡೂರು ಒಂದು ಬರ್ತದ ನೋಡ್ರಿ."

"ಹಂಗಾದ್ರ ಬೀಗರನ್ನ ಅಲ್ಲೇ ನೋಡ್ಬೇಕಿತ್ತಲ್ರಿ!"

ಯೂನಿಕೋಡನ್ನು ನುಡಿ ಎಂಬ ಕನ್ನಡ ತಂತ್ರಾಂಶದ ಪರಿವರ್ತಕದಲ್ಲಿ ಹಾಕಿ ಆಸ್ಕಿ ಎಂಬ ಹಳೆಯ ಸಂಕೇತಕ್ಕೆ ತಿರುಗಿಸಬೇಕು. ಅದು ಯಾವ ಭಾಷೆಯೂ ಅಲ್ಲದ ಚಿಹ್ನೆಗಳ ಗುಂಪಾಗಿ ಕಾಣುತ್ತದೆ, ಹೆದರಬಾರದು. ಟೈಪ್ ಟೂಲಿನಲ್ಲಿ ಮೊದಲು ನುಡಿ ಫಾಂಟ್ ಆರಿಸಿ, ಆಮೇಲೆ ಪೇಸ್ಟ್ ಮಾಡಿದರೆ ಒತ್ತುಗಳು ಒಂದೊಂದಾಗಿ ಮನೆ ಸೇರುತ್ತವೆ. ಪ್ರಿಂಟಿಗೆ ಹೈದರಾಬಾದಿಗೆ ಕಳಿಸುವ ಮುನ್ನ ಅಕ್ಷರದ ಲೇಯರನ್ನು ರಾಸ್ಟರೈಸ್ ಮಾಡಿ, ಅಂದರೆ ಚಿತ್ರವಾಗಿಸಿ. ಅಲ್ಲಿ ನುಡಿ ಇರುವುದಿಲ್ಲ, ವಧೂವರರು ಮತ್ತೆ ಚಿಹ್ನೆಗಳಾಗಿ ಬರುತ್ತಾರೆ.

ಐಫೋನಿನ ಹೆಚ್ಇಐಸಿ ಎಂಬ ಬಗೆಯ ಫೋಟೋ ಇದಕ್ಕೆ ತೆರೆಯದು. ಫೋನಿನ ಕ್ಯಾಮೆರಾ ಸೆಟ್ಟಿಂಗಿನ ಫಾರ್ಮ್ಯಾಟಿನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಇಡಿಸಿ. ನೆಟ್ಟಿನಿಂದ ಇಳಿಸಿದ ದೇವರ ಚಿತ್ರ ವೆಬ್‌ಪಿ ಆಗಿದ್ದರೆ ಪೇಂಟಿನಲ್ಲಿ ತೆರೆದು ಜೆಪೆಗ್ ಮಾಡಿಕೊಳ್ಳಿ.

ಇಷ್ಟೆಲ್ಲ ಒದ್ದಾಟ ಯಾಕೆ? 2013ರಿಂದ ಹೊಸ ಫೋಟೋಶಾಪ್ ಬಾಡಿಗೆಗೇ ಹೊರಳಿತು, ತಿಂಗಳು ತಿಂಗಳು ಕಟ್ಟಬೇಕು. ಅದು ಅರ್ಧ ಕಾರಣ. ಇನ್ನರ್ಧ ಬೆರಳಿನದು. ಎಫ್2 ಒತ್ತಿದರೆ, ಹಿಂದೆಯೇ ಕಟ್ಟಿಟ್ಟ ಆ್ಯಕ್ಷನ್ ಫೋಟೋವನ್ನು 35×45 ಮಿಲಿಮೀಟರಿಗೆ ಕತ್ತರಿಸುತ್ತದೆ, ಎಫ್3 ಒತ್ತಿದರೆ 4×6 ಹಾಳೆಯಲ್ಲಿ ನಾಲ್ಕರಂತೆ ಎರಡು ಸಾಲು, ಎಂಟು ಪ್ರತಿ. ಆ ಆ್ಯಕ್ಷನ್‌ಗಳ ಎಟಿಎನ್ ಫೈಲನ್ನು ಹಳೆಯ ಕಂಪ್ಯೂಟರಿನಿಂದ ಮರೆಯದೆ ತನ್ನಿ. ಇದೇ ಪೆನ್ ಟೂಲಿನಲ್ಲಿ ಎಷ್ಟು ಜನರಿಗೆ ಕೋಟು ತೊಡಿಸಿದ್ದು, ಮುಚ್ಚಿದ ಕಣ್ಣು ತೆರೆಸಿದ್ದು. ಜೀವಮಾನದಲ್ಲಿ ಒಂದೇ ಒಂದು ಫೋಟೋ ತೆಗೆಸಿಕೊಂಡಿದ್ದ ಅಪ್ಪನನ್ನು ಮಗನ ಮದುವೆಯ ಗುಂಪಿನಿಂದ, ಹೆಗಲ ಮೇಲಿದ್ದ ಯಾರದೋ ಕೈ ಅಳಿಸಿ, ಬಿಡಿಸಿ ತೆಗೆದು, ಮಾಲೆ ಹಾಕುವ ಚೌಕಟ್ಟಿಗೆ ಕೂರಿಸಿದ್ದು. ಆ ಪಿಎಸ್‌ಡಿಗಳು ಇನ್ನೂ ಇವೆ. 'ಅಪ್ಪ' ಎಂಬ ಲೇಯರ್ ಬೇರೆ, 'ಕೈ' ಎಂಬ ಲೇಯರ್ ಬೇರೆ.

ಒಂದು ಮರೆತೆ. ಏಳರಲ್ಲಿ ಆಟೋಸೇವ್ ಇಲ್ಲ, ಅದು ಬಂದದ್ದು 2012ರ ಸಿಎಸ್6ಕ್ಕೆ. 1720 ಮೆಗಾವ್ಯಾಟಿನ ಶಾಖೋತ್ಪನ್ನ ಸ್ಥಾವರ ಶಕ್ತಿನಗರದಲ್ಲಿ ಹೊಗೆ ಬಿಡುತ್ತಾ ನಿಂತಿದೆ, ಆದರೆ ನಮ್ಮ ಮೇಜಿನಡಿಯ ಯುಪಿಎಸ್ ಬ್ಯಾಟರಿ ರಾಯಚೂರಿನ ಎರಡು ಬೇಸಿಗೆ ಕಂಡಿದೆ. ಸಂಡೂರು ಬಿಟ್ಟು ಉಳಿದ ಊರೆಲ್ಲ ಸರಿಹೋಗಿ, ಹೂಮಾಲೆಯ ನೆರಳು ಬಿದ್ದು, ಇನ್ನೇನು ಮುಗಿಯಿತು ಅನ್ನುವಾಗ ಅದು ಕುಂಯ್ ಅಂದಿತು. ಪರದೆ ಕಪ್ಪು. ಕತ್ತಲಲ್ಲಿ ಬೆಂಚಿನ ಕಡೆಯಿಂದ ಗಿರಾಕಿಯ ದನಿ: "ಅಣ್ಣಾ, ಒತ್ತು ಮತ್ತ ಹೋಯ್ತೇನ್ರಿ?"