ಐವತ್ತು ಅಂಕದ ಅಂಗಡಿ

ಮಡಿಕೇರಿಯಲ್ಲಿ ನನ್ನ ಸೋದರಮಾವನದು ದಿನಸಿ ಅಂಗಡಿ. ಕಳೆದ ಮಳೆಗಾಲದಲ್ಲಿ ಅಲ್ಲಿಗೆ ಬಿಲ್ಲಿಂಗ್ ಕಂಪ್ಯೂಟರ್ ಬಂತು. ಅದರ ಬೆನ್ನಿಗೇ ನಾನೂ ಹೋದೆ. ತಂತ್ರಾಂಶವೊಂದು ಬಳಸುವವರ ಕೈಗೆ ಒಗ್ಗುತ್ತದೆಯೋ ಇಲ್ಲವೋ ಎಂದು ನೋಡಿ ಹೇಳುವುದು ಬೆಂಗಳೂರಿನಲ್ಲಿ ನನ್ನ ಉದ್ಯೋಗ. ಇದಕ್ಕೂ ಸಂಬಳ ಕೊಡುತ್ತಾರೆ ಎಂಬುದನ್ನು ಮಾವ ಇಂದಿಗೂ ಪೂರ್ತಿ ನಂಬಿಲ್ಲ. "ಹಾಗಾದರೆ ನಮ್ಮದನ್ನೂ ನೋಡಿಬಿಡು ಮಾರಾಯ, ಊಟ ಹೇಗೂ ಇಲ್ಲೇ" ಎಂದರು.

ಐದು ಜನರ ಕೈಗೆ ಕೊಟ್ಟು ನೋಡಿದರೆ ಸುಮಾರು ಶೇ 85ರಷ್ಟು ತೊಡಕುಗಳು ಹೊರಬೀಳುತ್ತವೆ ಎನ್ನುವುದು ನಮ್ಮ ಕಸುಬಿನ ಹೆಸರಾಂತ ತಜ್ಞ ಜೇಕಬ್ ನೀಲ್ಸನ್ ಹಾಕಿಕೊಟ್ಟ ಲೆಕ್ಕ. ಬಳಸುವವರು ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳುತ್ತಿರಬೇಕು, ಪರೀಕ್ಷಕ ಬಾಯಿ ಮುಚ್ಚಿ ಬರೆದುಕೊಳ್ಳಬೇಕು. ಮಾವ ಗಟ್ಟಿಯಾಗಿಯೇ ಹೇಳಿದರು. ಬರೆಯಲು ಯೋಗ್ಯವಾದದ್ದು ಅದರಲ್ಲಿ ಅರ್ಧ.

ಮೊದಲ ಅಡ್ಡಿ ಬೆರಳಚ್ಚಿನದು. ಬೆರಳು ಒತ್ತಿದರಷ್ಟೇ ಪರದೆ ತೆರೆಯುತ್ತದೆ. ಕಕ್ಕಡ ಮಾಸದ ಮಳೆಯಲ್ಲಿ ಕೊಡೆ ಮಡಚಿ ಒಳಬಂದವರ ಬೆರಳು ನೆನೆದ ಬಾದಾಮಿಯಂತಿರುತ್ತದೆ. ಯಂತ್ರ ಮಾಲೀಕನನ್ನೇ ಗುರುತಿಸಲಿಲ್ಲ. ಒಲೆಯ ಮುಂದೆ ಕೈ ಕಾಯಿಸಿಕೊಂಡು ಬಂದ ಮೇಲೆ ಒಪ್ಪಿಕೊಂಡಿತು.

ಎರಡನೆಯದು ಕಾಚಂಪುಳಿ, ಕೊಡಗಿನ ಅಡುಗೆಯ ಕಪ್ಪು ಹುಳಿ. ಭಾರತಕ್ಕೆ ಮೀಸಲಾದ 890ರಿಂದ ಆರಂಭವಾಗುವ ಬಾರ್‌ಕೋಡಿನ ಬಿಸ್ಕತ್ತು ಪೊಟ್ಟಣ ಕಂಡರೆ ಟುಂಯ್ ಎಂದು ಖುಷಿಪಡುವ ಸ್ಕ್ಯಾನರ್, ಪಕ್ಕದ ಊರಿನವರು ಮನೆಯಲ್ಲೇ ಕುದಿಸಿ ತುಂಬಿಸಿದ ಬಾಟಲಿಯನ್ನು ಎಷ್ಟು ತಿರುಗಿಸಿ ತೋರಿಸಿದರೂ ಮೌನ. ಹುಡುಕು ಎಂಬಲ್ಲಿ ಆರು ಬಗೆಯ ಕಾಗುಣಿತದಲ್ಲಿ ಹುಡುಕಿದೆವು. ಕೊನೆಗೆ ಅದು 'ಕಪ್ಪು ವಿನೆಗರ್' ಎಂಬ ಹೆಸರಿನಲ್ಲಿ, ಫಿನಾಯಿಲಿನ ಪಕ್ಕದಲ್ಲಿ ಅಡಗಿ ಕುಳಿತಿತ್ತು. ಪಂದಿಕರಿ ಬೇಯಿಸುವ ಯಾರೂ ಈ ಅಪರಾಧವನ್ನು ಕ್ಷಮಿಸಲಾರರು. ಅಷ್ಟರಲ್ಲಿ ಅತ್ತೆ ಬಾಟಲಿ ಕೊಟ್ಟು, ದುಡ್ಡು ಎಣಿಸಿ, ಗಿರಾಕಿಯ ಮಗಳ ಮದುವೆ ವಿಚಾರವನ್ನೂ ಕೇಳಿ ಮುಗಿಸಿದ್ದರು.

ತಪ್ಪಿದ ಬಿಲ್ ಅಳಿಸಹೊರಟರೆ ಪರದೆ ಕೇಳಿತು: 'ಬಿಲ್ ರದ್ದತಿಯನ್ನು ರದ್ದುಗೊಳಿಸಬೇಕೇ?' ಕೆಳಗೆ ಎರಡು ಗುಂಡಿ: 'ಸರಿ', 'ರದ್ದು'. ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ದೋಷ ಗಾಜಿನದಾಗಿರಲಿಲ್ಲ.

ಸಂಜೆ ಎಲ್ಲರಿಗೂ ಒಂದೊಂದು ಪ್ರಶ್ನಾವಳಿ ಹಂಚಿದೆ. ಬಳಸಲು ಎಷ್ಟು ಸುಲಭ ಎಂದು ಅಳೆಯಲು 1986ರಲ್ಲಿ ಜಾನ್ ಬ್ರೂಕ್ ಎಂಬಾತ ರೂಪಿಸಿದ್ದು. ಹತ್ತು ಹೇಳಿಕೆ, ಪ್ರತಿಯೊಂದಕ್ಕೂ ಒಂದರಿಂದ ಐದು ಅಂಕ; ಒಪ್ಪಿಗೆ ಹೆಚ್ಚಿದಷ್ಟೂ ಅಂಕ ಹೆಚ್ಚು. ಅಂಗಡಿಯ ಹುಡುಗ ಮಾವನ ಮುಖ ನೋಡಿ ಎಲ್ಲದಕ್ಕೂ ಐದು ಕೊಟ್ಟ. ಅತ್ತೆಯೂ ಹಾಗೆಯೇ. ಅಳಿಯ ದೂರದಿಂದ ಬಂದಿದ್ದಾನೆ, ಕಡಿಮೆ ಕೊಟ್ಟರೆ ಬೇಸರವಾದೀತು ಎಂಬ ದಾಕ್ಷಿಣ್ಯ. ಆದರೆ ಬ್ರೂಕ್ ಚತುರ. 'ಬಳಸಲು ಸುಲಭ' ಎಂಬ ಹೊಗಳಿಕೆಯ ಬೆನ್ನಿಗೇ 'ವಿನಾಕಾರಣ ಜಟಿಲ' ಎಂಬಂಥ ತೆಗಳಿಕೆಯನ್ನೂ ಇಟ್ಟಿದ್ದಾನೆ. ಎಲ್ಲಕ್ಕೂ ಐದು ಒತ್ತಿದರೆ ಹೊಗಳಿಕೆ ತೆಗಳಿಕೆಗಳು ಒಂದನ್ನೊಂದು ತಿಂದು ನೂರಕ್ಕೆ ಸರಿಯಾಗಿ ಐವತ್ತು ಉಳಿಯುತ್ತದೆ. ಈ ಪ್ರಶ್ನಾವಳಿಯಲ್ಲಿ ಬೇರೆ ತಂತ್ರಾಂಶಗಳು ಪಡೆಯುವ ಸರಾಸರಿ ಅಂಕ 68. ನಮ್ಮವರ ಮರ್ಯಾದೆಯಿಂದಾಗಿ ಯಂತ್ರ ನಪಾಸಾಯಿತು.

ನಾಲ್ವರನ್ನು ಪರೀಕ್ಷಿಸಿದ್ದಾಗಿತ್ತು. ಐದನೆಯವನಾಗಿ ನಾನೇ ಕುಳಿತೆ. ಪರೀಕ್ಷಕ ಹಾಗೆ ಮಾಡಬಾರದು. ಆದರೆ ಅಂದು ಶುಕ್ರವಾರ, ಸಂತೆಯ ದಿನ, ಗಿರಾಕಿಗಳು ಬಾಗಿಲವರೆಗೆ ನಿಂತಿದ್ದರು. ಹಿರಿಯ ಹೆಂಗಸೊಬ್ಬರು ನೂರು ಗ್ರಾಂ ಜೀರಿಗೆ ಕೇಳಿದರು. ಠೀವಿಯಿಂದ 100 ಎಂದು ಒತ್ತಿದೆ. ಆ ಅಂಕಣ ಕಿಲೋಗಳದ್ದು ಎಂದು ಎಲ್ಲೂ ಬರೆದಿರಲಿಲ್ಲ. ಬಿಲ್ಲಿನ ಮೊತ್ತ 35 ಸಾವಿರ ರೂಪಾಯಿ. ಅದರ ಸಂದೇಶ ನೇರವಾಗಿ ಅವರ ಮಗನ ಮೊಬೈಲಿಗೆ ಹೋಯಿತು.

ಎರಡೇ ನಿಮಿಷದಲ್ಲಿ ಆತ ಅಂಗಡಿಗೆ ಫೋನ್ ಮಾಡಿದ. ಮಾವ ಶಾಂತವಾಗಿ ಹೇಳಿದರು: "ಹೌದಪ್ಪ, ನೂರು ಕಿಲೋ. ಇದರಲ್ಲಿ ಪರಿಣತಿ ಇರುವ ನಮ್ಮ ಅಳಿಯನೇ ಬಿಲ್ ಮಾಡಿದ್ದು. ಮೂಟೆ ಒಯ್ಯಲು ಜೀಪು ಕಳಿಸು."

ಬೆವರುತ್ತ ಅಳಿಸುವ ಗುಂಡಿ ಒತ್ತಿದೆ. ಪರದೆ ವಿನಯದಿಂದ ಕೇಳಿತು: 'ಬಿಲ್ ರದ್ದತಿಯನ್ನು ರದ್ದುಗೊಳಿಸಬೇಕೇ?' 'ಸರಿ'ಯೋ 'ರದ್ದೋ' ಎಂದು ನನ್ನ ಬೆರಳು ಗಾಳಿಯಲ್ಲಿ ತೂಗುತ್ತಿರುವಾಗಲೇ ಕರೆಂಟು ಹೋಯಿತು.

ಅತ್ತೆ ಮೇಣದಬತ್ತಿ ಹಚ್ಚಿ, ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಹಳೆಯ ಪುಸ್ತಕ ತೆಗೆದು ಬರೆದುಕೊಂಡರು: ಜೀರಿಗೆ, 100 ಗ್ರಾಂ, 35 ರೂಪಾಯಿ.