ಒಬ್ಬಳೇ ಹುಡುಗಿಗಾಗಿ ಉಳಿದ ಸ್ಟೇಷನ್ನೇ? ಸತ್ಯಾಂಶ ಇಲ್ಲಿದೆ

‘ಜಪಾನಿನ ಕಾಮಿ-ಶಿರಾತಾಕಿ ಸ್ಟೇಷನ್ ಮುಚ್ಚಬೇಕಿತ್ತು; ಒಬ್ಬ ವಿದ್ಯಾರ್ಥಿನಿಯ ಓದು ಮುಗಿಯಲೆಂದು ರೈಲ್ವೆಯವರು ಅದನ್ನು ಉಳಿಸಿಕೊಂಡರು’ ಎಂಬ ಸಂದೇಶ 2016ರಿಂದಲೂ ಸುತ್ತುತ್ತಿದೆ. ಓದಿದರೆ ಮನಸ್ಸು ಕರಗುತ್ತದೆ, ನಿಜ. ಆದರೆ ನಡೆದದ್ದು ಹಾಗಲ್ಲ.

ಹೊಕ್ಕೈಡೊ ದ್ವೀಪದ ಸೆಕಿಹೊಕು ಮಾರ್ಗದಲ್ಲಿ ಪಶ್ಚಿಮದಿಂದ ಬಂದರೆ ಕಾಮಿ-ಶಿರಾತಾಕಿ, ಶಿರಾತಾಕಿ, ಕ್ಯೂ-ಶಿರಾತಾಕಿ, ಶಿಮೊ-ಶಿರಾತಾಕಿ ಸಾಲಾಗಿ ಸಿಗುತ್ತಿದ್ದವು. ‘ಕಾಮಿ’ ಎಂದರೆ ಮೇಲಿನ, ‘ಕ್ಯೂ’ ಎಂದರೆ ಹಳೆಯ. ಆ ಹುಡುಗಿ ರೈಲು ಹತ್ತುತ್ತಿದ್ದದ್ದು ಕ್ಯೂ-ಶಿರಾತಾಕಿಯಲ್ಲಿ. ಪೂರ್ವಕ್ಕಿರುವ ಎಂಗಾರು ಪಟ್ಟಣದ ಶಾಲೆಗೆ ಹೋಗಲು ಕಾಮಿ-ಶಿರಾತಾಕಿ ಅವಳ ದಾರಿಯಲ್ಲೇ ಬರುವುದಿಲ್ಲ. ಹೆಸರುಗಳ ಸಾಮ್ಯದಿಂದ ಗೊಂದಲವಾಗಿರಬೇಕು.

1932ರಲ್ಲಿ ಶುರುವಾದ ಕಾಮಿ-ಶಿರಾತಾಕಿಯಲ್ಲಿ ಕೊನೆಗೆ ದಿನಕ್ಕೆ ಹೋಗಲೊಂದು, ಬರಲೊಂದು ರೈಲು ಮಾತ್ರ ನಿಲ್ಲುತ್ತಿತ್ತು. 2016ರ ಮಾರ್ಚ್ 26ರಂದು ಶಿರಾತಾಕಿಯೊಂದನ್ನು ಬಿಟ್ಟು ಉಳಿದ ಮೂರೂ ಒಟ್ಟಿಗೆ ಮುಚ್ಚಿದವು. ಕಾರಣ, ಪ್ರಯಾಣಿಕರು ತೀರಾ ಕಡಿಮೆ ಇದ್ದದ್ದು. ಜಪಾನಿನಲ್ಲಿ ರೈಲು ವೇಳಾಪಟ್ಟಿ ಬದಲಾಗುವುದು ಸಾಮಾನ್ಯವಾಗಿ ಮಾರ್ಚ್‌ನಲ್ಲಿ. ಶಾಲಾ ವರ್ಷ ಮುಗಿಯುವುದೂ ಆಗಲೇ.

ನನ್ನನ್ನು ಹೆಚ್ಚು ಕಾಡುವುದು ಇದು: ಈಗ ಇದೇ ಮಾರ್ಗದಲ್ಲಿ ಪಶ್ಚಿಮಕ್ಕಿರುವ ಕಾಮಿಕಾವಾ ಸ್ಟೇಷನ್ ಬಿಟ್ಟು ಪೂರ್ವಕ್ಕೆ ಹೊರಟ ರೈಲಿಗೆ ಮುಂದಿನ ಸ್ಟೇಷನ್ ಶಿರಾತಾಕಿ. ನಡುವೆ 37.3 ಕಿ.ಮೀ., ಒಂದೂ ನಿಲ್ದಾಣವಿಲ್ಲ.