ಊಟದ ವೇಳೆ 750

ಹುಬ್ಬಳ್ಳಿಯ ಖಾನಾವಳಿಯೊಂದಕ್ಕೆ ಬಿಲ್ಲಿನ ಪ್ರೋಗ್ರಾಂ ಬರೆಯಬೇಕಾಗಿದೆ ಅಂತಿಟ್ಟುಕೊಳ್ಳಿ. ದರಗಳನ್ನು ಕೋಡಿನೊಳಗೇ ಬರೆದಿಟ್ಟರೆ ಎಣ್ಣೆ ತುಟ್ಟಿಯಾದಾಗಲೆಲ್ಲ ಮಾಲಕರು ಫೋನ್ ಹಚ್ಚುತ್ತಾರೆ. ಹಾಗಾಗಿ ದರ, ವೇಳೆ, ಫೋನ್ ನಂಬರು ಎಲ್ಲ ಒಂದು ಯಾಮಲ್ ಫೈಲಿಗೆ, ಅಂದರೆ ‘ಊಟ: 12:30’ ಅಂತ ಸಾಲುಸಾಲಾಗಿ ಬರೆದಿಡುವ ಸಾದಾ ಪಠ್ಯದ ಫೈಲಿಗೆ. ಅದನ್ನು ಪೈಥಾನ್ ಭಾಷೆಯ ಪ್ರೋಗ್ರಾಮಿಗೆ ಓದಿಸಲು ಪೈಯಾಮಲ್ ಎಂಬ ಪುಟ್ಟ ಲೈಬ್ರರಿ ಇದೆ: ಫೈಲ್ ತೆರೆ, ಸೇಫ್ ಲೋಡ್ ಕರೆ, ಮುಗಿಯಿತು. ‘ಗಿರಮಿಟ್ ತಿನ್ನೋದ್ರಾಗ ಆಗಿಬಿಡ್ತದ್ರಿ’ ಅಂದವರ ಚುರುಮುರಿ ಮೆತ್ತಗಾಗುವುದು ಇಲ್ಲಿಂದಲೇ.

ಯಾಮಲ್‌ಗೆ ಒಂದು ಚಟ. ಬರೆದದ್ದನ್ನು ಓದಿ ಸುಮ್ಮನಿರುವುದಿಲ್ಲ, ನಿಮ್ಮ ಮನಸ್ಸಿನಲ್ಲಿ ಏನಿತ್ತು ಅಂತ ತಾನೇ ಊಹಿಸುತ್ತದೆ. ನಿಶ್ಚಿತಾರ್ಥಕ್ಕೆ ಬಂದ ದೂರದ ಕಾಕಾ ಇದ್ದ ಹಾಗೆ. ನಾಷ್ಟಾ 08:30, ಊಟ 12:30 ಅಂತ ಬರೆದಿರಿ. ನಾಷ್ಟಾ ಸರಿಯಾಗಿ 08:30 ಅಂತಲೇ ಬರುತ್ತದೆ. ಊಟ ಮಾತ್ರ 750 ಆಗಿ ಬರುತ್ತದೆ! ಪೈಯಾಮಲ್ ಪಾಲಿಸುವ ಯಾಮಲ್ 1.1 ಎಂಬ ಆವೃತ್ತಿಯಲ್ಲಿ ಅರವತ್ತರ ಲೆಕ್ಕದ ಸಂಖ್ಯೆಗಳಿಗೆ ಜಾಗವಿದೆ. 12 ಗುಣಿಸು 60, ಕೂಡಿಸು 30. ಸೊನ್ನೆಯಿಂದ ಶುರುವಾದರೆ ಆ ನಿಯಮ ತಾಗುವುದಿಲ್ಲ, ಅದಕ್ಕೇ ನಾಷ್ಟಾ ಪಾರಾಯಿತು. ಮುಂಜಾನೆ ಪರೀಕ್ಷೆ ಮಾಡಿದವರಿಗೆ ಎಲ್ಲ ಸರಿ ಕಾಣುತ್ತದೆ. ಮಧ್ಯಾಹ್ನ ಬಿಲ್ಲಿನ ಮೇಲೆ ‘ಊಟ 750’ ಅಂತ ಅಚ್ಚಾದರೆ ಗಿರಾಕಿ ಅದನ್ನು ವೇಳೆ ಅಂದುಕೊಳ್ಳುತ್ತಾನೆಯೇ?

ಫೋನ್ ಕೋಡಿನ ಕಥೆ ಬೇರೆ. ಸೊನ್ನೆಯಿಂದ ಶುರುವಾಗಿ, ಮುಂದೆ ಬರೀ 0ರಿಂದ 7ರೊಳಗಿನ ಅಂಕಿ ಇದ್ದರೆ ಅದು ಎಂಟರ ಪದ್ಧತಿಯ ಸಂಖ್ಯೆ ಅಂತ ಯಾಮಲ್ 1.1ರ ತೀರ್ಮಾನ. ಮುಂಬೈನ 022 ಹೋಗಿ 18, ಪುಣೆಯ 020 ಹೋಗಿ 16. ನಮ್ಮ 0836ರೊಳಗೆ ಎಂಟು ಕೂತಿದೆ. ಎಂಟರ ಪದ್ಧತಿಯಲ್ಲಿ ಎಂಟೆಂಬ ಅಂಕಿಯೇ ಇಲ್ಲ, ಆದ್ದರಿಂದ ಬರೆದ ಹಾಗೇ ಉಳಿಯುತ್ತದೆ. ಗದಗದ 08372, ಹಾವೇರಿಯ 08375 ಕೂಡ ಹೀಗೇ ಬಚಾವ್. ಹುಬ್ಬಳ್ಳಿಯಲ್ಲಿ ಓಡಿದ ಪ್ರೋಗ್ರಾಂ ಪುಣೆಯ ಶಾಖೆಯಲ್ಲಿ ಮುಗ್ಗರಿಸಿದರೆ ಅಲ್ಲಿನವರನ್ನು ಬೈಯಬೇಡಿ.

ಬ್ಯಾಡಗಿ ಮೆಣಸಿನಕಾಯಿಯನ್ನು ಹೊರದೇಶಕ್ಕೆ ಕಳಿಸುವವರು ದೇಶಗಳ ಎರಡಕ್ಷರದ ಇಂಗ್ಲಿಷ್ ಸಂಕೇತಗಳನ್ನು ಪಟ್ಟಿ ಮಾಡಿದರೆ ನಾರ್ವೆಯದು ‘ಎನ್ ಓ’. ಯಾಮಲ್ ಅದನ್ನು ‘ನೋ’ ಅಂತ ಓದಿಕೊಂಡು ‘ಫಾಲ್ಸ್’, ಅಂದರೆ ಸುಳ್ಳು, ಅಂತ ಮಾಡಿಡುತ್ತದೆ. ಖಾರ ತಿನ್ನುವ ಮುಂಚೆಯೇ ನಾರ್ವೆ ಬೇಡ ಅಂದಂತಾಯಿತು.

ಮದ್ದು ಒಂದೇ: ಕೂಡಿ ಕಳೆಯುವ ಲೆಕ್ಕಕ್ಕೆ ಬೇಕಿಲ್ಲದ ಪ್ರತಿಯೊಂದಕ್ಕೂ ಉದ್ಧರಣ ಚಿಹ್ನೆ ಹಾಕಿ. ವೇಳೆ, ಫೋನ್, ಆವೃತ್ತಿ ಸಂಖ್ಯೆ, ದೇಶದ ಸಂಕೇತ, ಎಲ್ಲಕ್ಕೂ. ಸಾಲಿನ ಮೊದಲು ಜಾಗ ಬಿಡಲು ಟ್ಯಾಬ್ ಒತ್ತಬೇಡಿ, ಸ್ಪೇಸ್ ಒತ್ತಿ. ಟ್ಯಾಬ್ ಕಂಡರೆ ಕೂಗಾಡುವ ಪೈಯಾಮಲ್, ಮಿರ್ಚಿಯ ದರವನ್ನು ಎರಡು ಕಡೆ ಬರೆದರೆ ಮಾತ್ರ ಪಿಟ್ಟೆನ್ನದೆ ಕೊನೆಯದನ್ನು ಇಟ್ಟುಕೊಳ್ಳುತ್ತದೆ.

ತಿನಿಸಿನ ಹೆಸರು ಕನ್ನಡದಲ್ಲಿದ್ದರೆ ಫೈಲ್ ತೆರೆಯುವಾಗಲೇ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಪದ್ಧತಿ) ಯುಟಿಎಫ್-8 ಅಂತ ಹೇಳಿಬಿಡಿ. ಹೇಳದಿದ್ದರೆ 3.15ಕ್ಕಿಂತ ಹಳೆಯ ಪೈಥಾನ್ ಬಹುತೇಕ ವಿಂಡೋಸ್ ಯಂತ್ರಗಳಲ್ಲಿ 1252 ಎಂಬ ಹಳೆಯ ಕೋಷ್ಟಕ ಹಿಡಿದು ಓದುತ್ತದೆ. ‘ಚಹಾ’ ಚಿತ್ರವಿಚಿತ್ರ ಅಕ್ಷರವಾಗಿಯಾದರೂ ಬರುತ್ತದೆ. ‘ರೊಟ್ಟಿ’ಯಲ್ಲಿ ಪ್ರೋಗ್ರಾಂ ಬಿದ್ದೇ ಬಿಡುತ್ತದೆ, ಯಾಕೆಂದರೆ ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆಯ ಒಂದು ಬೈಟಿಗೆ ಆ ಕೋಷ್ಟಕದಲ್ಲಿ ಜಾಗವಿಲ್ಲ. ರೊಟ್ಟಿ ಇಲ್ಲದ ಖಾನಾವಳಿ ಇಲ್ಲಿ ಯಾರಿಗೆ ಬೇಕು?

ಇನ್ನು ಪಾಸ್‌ವರ್ಡ್ ಇಡುವ ಡಾಟ್ ಎನ್ವ್ ಫೈಲು. ಅದನ್ನು ಓದುವ ಪೈಥಾನ್-ಡಾಟ್‌ಎನ್ವ್ ಅತಿ ಸಂಕೋಚದ ಪ್ರಾಣಿ. ಫೈಲ್ ಸಿಗದಿದ್ದರೆ ಬಾಯಿ ಬಿಡುವುದಿಲ್ಲ, ‘ಫಾಲ್ಸ್’ ಅಂತ ಕೈಗಿಟ್ಟು ಸುಮ್ಮನಾಗುತ್ತದೆ. ಅದೇ ಹೆಸರಿನ ಸೆಟ್ಟಿಂಗ್ ಯಂತ್ರದಲ್ಲಿ ಮೊದಲೇ ಇದ್ದರೆ ಹಳೆಯದನ್ನು ಮುಟ್ಟುವುದಿಲ್ಲ. ಓವರ್‌ರೈಡ್ ಟ್ರೂ ಅಂತ ಹೇಳಿದರಷ್ಟೇ ಬದಲಿಸುತ್ತದೆ. ಅದು ಕೊಡುವುದೆಲ್ಲ ಬರೀ ಪಠ್ಯ. ಡೀಬಗ್ ಎಂಬ ಸೆಟ್ಟಿಂಗಿಗೆ ‘ಫಾಲ್ಸ್’ ಅಂತ ಬರೆದು, ನಿಜವೋ ಸುಳ್ಳೋ ಹೇಳುವ ಪೈಥಾನಿನ ಬೂಲ್‌ಗೆ ಕೊಟ್ಟರೆ ‘ಟ್ರೂ’ ಬರುತ್ತದೆ, ಖಾಲಿಯಿಲ್ಲದ ಪಠ್ಯವೆಲ್ಲ ಪೈಥಾನಿಗೆ ನಿಜವೇ.

ಫೈಲು ಎಲ್ಲಿದೆ ಎಂಬುದೂ ಒಂದು ಫಜೀತಿ. ಬರೀ ಫೈಲಿನ ಹೆಸರು ಕೊಟ್ಟರೆ, ಪ್ರೋಗ್ರಾಂ ಓಡಿಸುವಾಗ ನಾವು ಯಾವ ಫೋಲ್ಡರಿನಲ್ಲಿದ್ದೇವೋ ಅಲ್ಲಿ ಹುಡುಕುತ್ತದೆ, ಕೋಡ್ ಇರುವ ಕಡೆ ಅಲ್ಲ. ‘ಎದುರಿನ ಅಂಗಡ್ಯಾಗ ಪೇಡೆ ತಗೊಂಬಾ’ ಅಂತ ಧಾರವಾಡದ ಲೈನ್ ಬಜಾರದಲ್ಲಿ ನಿಂತು ಹೇಳಿದರೆ ಕೆಲಸ ಆದೀತು. ಅದೇ ಮಾತನ್ನು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಹೇಳಿದರೆ ಹುಡುಗ ಸೀರೆ ತಂದಾನು. ಕೈಯಿಂದ ಓಡಿಸಿದಾಗ ನೆಟ್ಟಗಿದ್ದದ್ದು ರಾತ್ರಿ ಕ್ರಾನ್ (ಹೇಳಿದ ಹೊತ್ತಿಗೆ ತಾನೇ ಪ್ರೋಗ್ರಾಂ ಓಡಿಸುವ ಸಾಧನ) ಓಡಿಸಿದಾಗ ಕೆಡುವುದು ಹೀಗೆ. ಕ್ರಾನ್ ಸಾಮಾನ್ಯವಾಗಿ ಹೋಮ್ ಫೋಲ್ಡರಿನಿಂದ ಹೊರಡುತ್ತದೆ. ಕೋಡ್ ಫೈಲಿನ ಸ್ವಂತ ವಿಳಾಸ ಹಿಡಿದು, ಅದರ ಪಕ್ಕದಲ್ಲಿ ಹುಡುಕುವಂತೆ ಬರೆಯಿರಿ.

ಇಷ್ಟೆಲ್ಲ ಸರಿಪಡಿಸಿ, ‘ವೇಳೆ ಬದಲಿಸೋದಿದ್ರ ಉದ್ಧರಣ ಚಿಹ್ನೆ ಮರೀಬ್ಯಾಡ್ರಿ’ ಅಂತ ಮಾಲಕರಿಗೆ ಹೇಳಿಬರುತ್ತೀರಿ. ಅವರು ಮರೆಯುವುದಿಲ್ಲ. ವರ್ಡಿನಲ್ಲಿ ಚೆಂದಗೆ ಟೈಪು ಮಾಡಿ ತಂದು ಅಂಟಿಸುತ್ತಾರೆ. ವರ್ಡಿನದು ಬಾಗಿದ ಚಿಹ್ನೆ, ಯಾಮಲ್ ಒಪ್ಪುವುದು ನೆಟ್ಟನೆಯದನ್ನಷ್ಟೇ. ಬಾಗಿದ್ದನ್ನು ಅದು ಪಠ್ಯದ ಭಾಗವೆಂದೇ ಓದುತ್ತದೆ. ಮರುದಿನ ಬಿಲ್ಲಿನಲ್ಲಿ 12:30 ಸರಿಯಾಗಿಯೇ ಬಂದಿರುತ್ತದೆ, ಎರಡೂ ಕಡೆ ಮೀಸೆ ಹೊತ್ತುಕೊಂಡು.